ಸಾಲು ತಪ್ಪಿದ ಹುಕ್ಕುಗಳು

ಹಾಲಿನವನು ಹಾಲು ಅಳೆಯುವಾಗ ಅಳತೆಪಾತ್ರೆಯೊಳಗೆ ಹೆಬ್ಬೆರಳು ಇಟ್ಟಿದ್ದಾನೋ ಇಲ್ಲವೋ ಎಂದು ಬಗ್ಗಿ ನೋಡುವ ಹೆಂಗಸು ಹೊಸಪೇಟೆಯ ನಮ್ಮ ಚಿತ್ತವಾಡ್ಗಿಯಲ್ಲಿ ಒಬ್ಬಳೇ. ಹೂವಿನವಳು ಮೊಳ ಹಾಕುವಾಗ ಮೊಣಕೈ ಮಡಿಸಿದರೆ ಕೊಟ್ರಬಸಮ್ಮ ತಕ್ಷಣ ತನ್ನ ಕೈ ಚಾಚಿ, "ಇದ್ರಾಗ ಹಾಕು, ನಿನ್ನ ಕೈ ದಿನಾ ಗಿಡ್ಡ ಆಗಾಕತ್ತೈತಿ" ಎನ್ನುತ್ತಾಳೆ. ಗ್ಯಾಸ್ ಸಿಲಿಂಡರು ತಂದವನು ಅದನ್ನು ಇಳಿಸಿ ಹೋಗುವಂತಿಲ್ಲ. ಆಕೆ ಅದರ ಸೀಲು ನೋಡಿ, ಎತ್ತಿ ನೋಡಿ, ಮತ್ತೊಮ್ಮೆ ಎತ್ತಿ ನೋಡಿದ ಮೇಲೆ ಅವನಿಗೆ ಬಿಡುಗಡೆ. ನಾನು ಮೊದಲ ಸಲ ಸೀರೆಗೆ ಜಂಪರ್ ಹೊಲಿಸಲು ಬಟ್ಟೆ ಕೊಟ್ಟಾಗ ನನ್ನೆದುರಿಗೇ ಟೇಪು ಹಿಡಿದು ಅಳೆದು, ಎಂಬತ್ತು ಸೆಂಟಿಮೀಟರ್ ಎಂದು ನನ್ನ ಬಾಯಿಂದಲೇ ಹೇಳಿಸಿದಳು. ನಾನು ಹೈಸ್ಕೂಲು ಟೀಚರ್, ನನ್ನ ಮೇಲೂ ಸಂಶಯವೇ ಎಂದು ಸಿಟ್ಟು ಬಂದಿತ್ತು. ಆದರೆ ಆಕೆ ಹೊಲಿದ ಜಂಪರ್ ತೊಟ್ಟ ಮೇಲೆ ಬೇರೆಯವರ ಹತ್ತಿರ ಹೋಗುವ ಮನಸ್ಸು ಬರುವುದಿಲ್ಲ. ಹಾಗಾಗಿ ಹನ್ನೆರಡು ವರ್ಷದಿಂದ ಸಿಟ್ಟು ಮಾಡಿಕೊಳ್ಳುತ್ತ ಅಲ್ಲಿಗೇ ಹೋಗುತ್ತಿದ್ದೇನೆ.

ಈ ಸಂಶಯ ಹುಟ್ಟುಗುಣವಲ್ಲವಂತೆ. ಸಂಡೂರು ತಾಲೂಕಿನ ಚೋರನೂರಿನಿಂದ ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಬಂದಾಗ ಯಾರು ಏನು ಹೇಳಿದರೂ ಹೂಂ ಎನ್ನುವ ಹುಡುಗಿಯಾಗಿದ್ದಳಂತೆ. ಗಂಡ ಅದಿರಿನ ಲಾರಿ ಓಡಿಸುತ್ತಿದ್ದ. ಒಂದು ದಿನ ಎದೆ ಹಿಡಿದುಕೊಂಡು ಮನೆಗೆ ಬಂದವನನ್ನು ಯಾವುದೋ ದವಾಖಾನೆಯ ಕಂಪೌಂಡರ್ ನೋಡಿ ಗ್ಯಾಸ್ ಆಗಿದೆ ಎಂದು ಗುಳಿಗೆ ಕೊಟ್ಟು ಕಳಿಸಿದ. ಈಕೆ ನಂಬಿ ಮಜ್ಜಿಗೆ ಮಾಡಿ ಕುಡಿಸಿದಳು. ಮಧ್ಯಾಹ್ನದೊಳಗೆ ಗಂಡ ಇರಲಿಲ್ಲ. "ಒಂದು ಮಾತು ತಿರುಗಿ ಕೇಳಲಿಲ್ಲ ಟೀಚರ್. ಖರೇನಾ ಗ್ಯಾಸಾ ಅಂತ ಒಂದು ಮಾತು" ಎಂದು ನನಗೆ ಒಮ್ಮೆ ಹೇಳಿದ್ದಳು. ಆವತ್ತಿನಿಂದ ಎಲ್ಲರನ್ನೂ ಎಲ್ಲವನ್ನೂ ತಿರುಗಿ ಕೇಳುತ್ತಾಳೆ. ಹೊಲಿಗೆ ಮಷಿನ್ನಿನ ಮೇಲೆ ಒಬ್ಬ ಮಗಳನ್ನು ಓದಿಸಿ, ಮದುವೆ ಮಾಡಿ, ಈಗ ಐವತ್ತೇಳರಲ್ಲಿ ಒಬ್ಬಳೇ ಆರಾಮವಾಗಿ, ಅಂದರೆ ಸಂಶಯ ಪಡುತ್ತ, ಇದ್ದಾಳೆ.

ಆಕೆ ಸಂಶಯ ಪಡದ ಮನುಷ್ಯರು ಒಬ್ಬರಿದ್ದರು. ಲಕ್ಷ್ಮೀಬಾಯಿ. ಕೊಟ್ರಬಸಮ್ಮನಿಗೆ ಬಾಯಾರು. ಅದೇ ಓಣಿಯ ಕೊನೆಯ ಮನೆ. ಗಂಡ ತೀರಿಕೊಂಡ ಮೇಲೆ ಮೈದುನನ ಮಗ ಮಧ್ವೇಶನ ಸಂಸಾರದ ಜೊತೆ ಇರುವವರು, ಅರವತ್ತೆರಡು ವರ್ಷ. ಮನೆ ತುಂಬ ಜನ. ಮಡಿ, ಅಡುಗೆ, ಮಕ್ಕಳ ಡಬ್ಬಿ, ಎಲ್ಲದಕ್ಕೂ ಅವರು ಬೇಕು, ಮಾತಾಡಲು ಮಾತ್ರ ಅವರು ಯಾರಿಗೂ ಬೇಕಾಗುತ್ತಿರಲಿಲ್ಲ. ಮಧ್ಯಾಹ್ನ ಬಿಡುವಾದಾಗ ಕೊಟ್ರಬಸಮ್ಮ ಹೊಲಿದ ಜಂಪರ್‌ಗಳಿಗೆ ಕೈಹೊಲಿಗೆ ಹಾಕಿಕೊಡುವುದು ಅವರ ಕೆಲಸ. ದರ್ಜಿಗಳೆಲ್ಲ ಮಾಡುವುದು ಹೀಗೆಯೇ. ಮಷಿನ್ನಿನ ಕೆಲಸ ತಾವು ಮಾಡಿ, ಅಂಚು ಮಡಿಸಿ ಹೆಮ್ಮಿಂಗ್ ಮಾಡುವುದು, ಹುಕ್ಕು ಕೂರಿಸುವುದು, ಎದುರಿಗೆ ದಾರದ ಕುಣಿಕೆ ಕಟ್ಟುವುದು, ಇದನ್ನೆಲ್ಲ ಓಣಿಯ ಹೆಂಗಸರಿಗೆ ಕೊಡುತ್ತಾರೆ. ಶುಕ್ರವಾರ ಒಂದು ಚೀಲ ಹೋಗುತ್ತದೆ, ಮಂಗಳವಾರ ಬರುತ್ತದೆ. ಇಪ್ಪತ್ತಾರು ವರ್ಷ ಆ ಚೀಲ ಹೋಗಿ ಬಂದಿತ್ತು. ಬೇರೆ ಯಾರೇ ಮಾಡಿದ್ದರೂ ಹೊಲಿಗೆ ಹೊಲಿಗೆ ಎಳೆದು ನೋಡುವ ಕೊಟ್ರಬಸಮ್ಮ, ಲಕ್ಷ್ಮೀಬಾಯಿಯವರ ಚೀಲವನ್ನು ಬಿಚ್ಚಿಯೂ ನೋಡದೆ ಗಿರಾಕಿಗಳಿಗೆ ಕೊಟ್ಟುಬಿಡುತ್ತಿದ್ದಳು.

ಹೋದ ವರ್ಷ ಯುಗಾದಿ ಮುಗಿದ ಮೇಲೆ ನಮ್ಮ ಸಮುದಾಯ ಭವನಕ್ಕೆ ಯೋಗದ ಗುರೂಜಿ ಬಂದರು. ಹೆಸರು ಯಲ್ಲೇಶ್, ಮೂವತ್ನಾಲ್ಕು ವರ್ಷವಿರಬಹುದು. ಸಂಡೂರಿನವರು. ಮೊದಲು ಅಲ್ಲೊಂದು ಗಣಿಯಲ್ಲಿ ಲಾರಿ ತೂಕದ ಕೆಲಸ ಮಾಡುತ್ತಿದ್ದು, ಅದನ್ನು ಬಿಟ್ಟು ಯೋಗ ಕಲಿತವರು. ಬೆಳಿಗ್ಗೆ ಆರರಿಂದ ಏಳು, ಹೆಂಗಸರಿಗೆ ಮಾತ್ರ. ಮೊದಲ ವಾರಕ್ಕೇ ಮೂವತ್ತು ಜನ ಸೇರಿದೆವು. ನಾನು ನನ್ನ ಸೊಂಟನೋವಿಗೆ ಸೇರಿದೆ. ಲಕ್ಷ್ಮೀಬಾಯಿ ಯಾವ ನೋವೂ ಹೇಳದೆ ಸೇರಿದರು. ನನ್ನ ಪಕ್ಕದ ಚಾಪೆ ಅವರದು.

ಕೊಟ್ರಬಸಮ್ಮ ಸೇರಲಿಲ್ಲ. ಆದರೆ ಸೇರಿದವರಿಗಿಂತ ಹೆಚ್ಚು ಸಲ ಬಂದು ಹೋದಳು.

ಮೊದಲು ಗೋಡೆಯ ಮೇಲಿನ ಸರ್ಟಿಫಿಕೇಟು. ಗುರೂಜಿ ಇಲ್ಲದಾಗ ಬಂದು ಅದನ್ನು ಮೊಳೆಯಿಂದ ಇಳಿಸಿ ಹಿಂದೆ ಮುಂದೆ ತಿರುಗಿಸಿ ನೋಡಿ, ಅಲ್ಲಿದ್ದ ಫೋನ್ ನಂಬರಿಗೆ ನನ್ನಿಂದ ಫೋನ್ ಮಾಡಿಸಿದಳು. ಅದು ಖರೇ ಸರ್ಟಿಫಿಕೇಟೇ ಆಗಿತ್ತು. ಆಮೇಲೆ ಪುಡಿ, ತೈಲ, ಕಷಾಯ. "ನೋಡ್ರಿ ಬೇಕಾದ್ರ, ಒಂದು ತಿಂಗಳು ತಡೀರಿ, ಡಬ್ಬಿ ಮಾರಾಕ ಶುರು ಮಾಡ್ತಾನ" ಎಂದಳು. ಎರಡು ತಿಂಗಳಾದರೂ ಗುರೂಜಿ ಒಂದು ಪೊಟ್ಟಣವನ್ನೂ ಮಾರಲಿಲ್ಲ. ಆಮೇಲೆ ಹೆಂಗಸರ ವಿಷಯ. ಮೂರು ದಿನ ಬೆಳಿಗ್ಗೆ ಬಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಅವರ ಕೈ ಎಲ್ಲಿ ಹೋಗುತ್ತದೆ ಎಂದು ಕಾದಳು. ಗುರೂಜಿಯ ಕೈ ಎಲ್ಲಿಗೂ ಹೋಗಲಿಲ್ಲ. ಅವರ ಹತ್ತಿರ ಒಂದು ತೆಳ್ಳನೆಯ ಬಿದಿರುಕೋಲು ಇತ್ತು. ಯಾರ ಮೊಣಕಾಲು ಬಾಗಿದೆಯೋ ಅಲ್ಲಿಗೆ ಅದರ ತುದಿ ತೋರಿಸುತ್ತಿದ್ದರು, ಅಷ್ಟೇ. ಈ ಕೋಲಿನಿಂದಲೇ ಅವರ ಮೇಲೆ ನಮಗೆಲ್ಲ ಗೌರವ ಹೆಚ್ಚಾಗಿತ್ತು.

ಕೊನೆಗೆ ಕೊಟ್ರಬಸಮ್ಮ ಬಸ್ಸು ಹತ್ತಿ ಸಂಡೂರಿಗೇ ಹೋಗಿ ಬಂದಳು. ಆಕೆಯ ಸೋದರಮಾವನ ಮಗ ಗುಡ್ಡಪ್ಪ ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದಂಗಡಿ ಇಟ್ಟಿದ್ದಾನೆ. ಹೊರಗೆ ಹೋಗುವವರು ಒಳಗೆ ಬರುವವರು ಎಲ್ಲರ ಸುದ್ದಿಯೂ ಅವನಲ್ಲಿರುತ್ತದೆ. ಸಂಜೆ ವಾಪಸ್ಸು ಬಂದವಳ ಮುಖ ಬಾಡಿತ್ತು.

"ಏನಂದ ನಿಮ್ಮ ಗುಡ್ಡಪ್ಪ?" ಎಂದು ನಾನು ಬೇಕೆಂದೇ ಕೇಳಿದೆ.

"ಕುಡಿಯಂಗಿಲ್ಲಂತ. ತಾಯೀನ ಚಲೋ ನೋಡ್ಕೊಂತಾನಂತ. ಯಾರ ಕೂಡೂ ಜಗಳಿಲ್ಲಂತ" ಎಂದಳು. ಆಮೇಲೆ, "ಇಷ್ಟು ಚಲೋ ಇರಾಕ ಹೆಂಗ ಸಾಧ್ಯ ಟೀಚರ್?" ಎಂದಳು.

ನಾವು ನಕ್ಕೆವು. ಓಣಿಯೆಲ್ಲ ನಕ್ಕಿತು. ಕ್ಲಾಸಿನಲ್ಲಿ ಕೊಟ್ರಬಸಮ್ಮನ ತನಿಖೆಯ ಕತೆ ಹೇಳಿಕೊಂಡು ನಗುವುದೇ ಒಂದು ಆಸನವಾಯಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಲಕ್ಷ್ಮೀಬಾಯಿ. ಅವರು ಹಾಗೆ ಬಾಯಿ ತೆರೆದು ನಗುವುದನ್ನು ನಾನು ಅದೇ ಮೊದಲು ನೋಡಿದ್ದು.

ಅವರು ಆ ಕ್ಲಾಸಿನಲ್ಲಿ ಬೇರೆಯೇ ಮನುಷ್ಯರಾಗಿದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು. ಮೂವತ್ತು ಜನರಲ್ಲಿ ಮೊದಲು ಬೆನ್ನು ಬಗ್ಗಿದ್ದು ಅವರದು. ಗೋಡೆಗೆ ಕಾಲು ಕೊಟ್ಟು ಮೈಯೆಲ್ಲ ಮೇಲೆತ್ತಿ, ಹೆಗಲ ಮೇಲೆ ನಿಲ್ಲುವ ಸರ್ವಾಂಗಾಸನವನ್ನು ಮೊದಲು ಮಾಡಿದ್ದೂ ಅವರೇ. ನಾನು ಹದಿನೈದು ಎಣಿಸುವಷ್ಟರಲ್ಲಿ ಕುಸಿದು ಬೀಳುತ್ತಿದ್ದೆ. ಅವರು ಗುರೂಜಿ ಮುನ್ನೂರು ಎಣಿಸುವವರೆಗೂ ಅಲುಗುತ್ತಿರಲಿಲ್ಲ. "ನೋಡ್ರಿ ಲಕ್ಷ್ಮೀಬಾಯಿಯವರ್ನ, ನೋಡಿ ಕಲೀರಿ. ನಿಮ್ಮೆಲ್ಲಾರಿಗಿಂತ ದೊಡ್ಡವ್ರು" ಎಂದು ಗುರೂಜಿ ಕೋಲು ತೋರಿಸುತ್ತಿದ್ದರು. ಆ ಮುದುಕಿಯ ತಲೆಕೆಳಗಾದ ಮುಖದಲ್ಲಿ ಆಗ ಒಂದು ಹಿಗ್ಗು ಕಾಣುತ್ತಿತ್ತು. ನಲವತ್ತು ವರ್ಷ ಮಂದಿಗೆ ಬಡಿಸಿದವರನ್ನು ಯಾರೂ ಯಾವುದಕ್ಕೂ ನೋಡಿ ಕಲಿಯಿರಿ ಎಂದಿರಲಿಲ್ಲ.

ಶ್ರಾವಣ ಬಂತು. ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಯ ಗಂಗಾಂಬಿಕಾ ಮಗಳ ಮದುವೆಗೆಂದು ಹದಿನಾಲ್ಕು ಜಂಪರ್ ಹೊಲಿಯಲು ಕೊಟ್ಟಿದ್ದರು. ದೊಡ್ಡ ಗಿರಾಕಿ, ಆ ಕಡೆಯ ನಾಲ್ಕು ಊರಿಗೆ ಹೆಸರು ಹೇಳುವವರು. ಒಂದು ಶನಿವಾರ ಅವರು ಕಾರಿನಲ್ಲಿ ಬಂದು, ಚೀಲವನ್ನು ಕೊಟ್ರಬಸಮ್ಮನ ಮಷಿನ್ನಿನ ಮೇಲೆ ಸುರಿದರು. ನಾನು ಅಲ್ಲೇ ಇದ್ದೆ.

"ಹಾಕ್ಕೊಂಡು ನೋಡ್ರಿ ನೀವ. ಹುಕ್ಕು ಒಂದು ಕಡೆ, ಕುಣಿಕಿ ಒಂದು ಕಡೆ. ಹುಡುಗಿ ಕನ್ನಡಿ ಮುಂದ ನಿಂತು ಅತ್ತಳು" ಎಂದರು.

ನಿಜವಾಗಿತ್ತು. ಐದು ಹುಕ್ಕಿನಲ್ಲಿ ಮೇಲಿನೆರಡು ಸರಿ ಕೂತಿದ್ದವು. ಕೆಳಗೆ ಬರುತ್ತ ಬರುತ್ತ ವಾರೆಯಾಗಿ, ಕೊನೆಯದು ಪಟ್ಟಿ ಬಿಟ್ಟು ಅರ್ಧ ಇಂಚು ಆಚೆಗೆ ಹೋಗಿತ್ತು. ಕೊಟ್ರಬಸಮ್ಮ ಎಲ್ಲವನ್ನೂ ವಾಪಸ್ಸು ಇಟ್ಟುಕೊಂಡಳು. ಗಂಗಾಂಬಿಕಾ ಹೋದ ಮೇಲೆ ನನ್ನ ಕಡೆ ತಿರುಗಿ, ನಾನೇ ಕದ್ದವಳೆನ್ನುವ ಹಾಗೆ ನೋಡಿದಳು.

"ಇದು ಬಾಯಾರ ಕೆಲಸಲ್ಲ. ಅವರು ಬ್ಯಾರೆ ಯಾರಿಗೋ ಕೊಟ್ಟು ಮಾಡಸಾಕತ್ಯಾರ."

"ಅಯ್ಯೋ, ಅವರ ಮೇಲೂ ಶುರುವಾಯ್ತಾ?" ಎಂದೆ.

"ಮುಂಜಾನೆ ಎದ್ದು ಕಾಲು ಮ್ಯಾಲೆ ಮಾಡಿ ನಿಂದ್ರತಾರ. ಟೈಮ್ ಎಲ್ಲೈತಿ? ಹಿಂದಿನ ಓಣಿ ಹೊಳೆಮ್ಮಗ ಕೊಟ್ಟಿರ್ತಾರ. ಹೊಳೆಮ್ಮ ಗೋಣಿಚೀಲ ಹೊಲಿಯಾಕ ಲಾಯಕ್ಕು" ಎಂದಳು. ಸಿಟ್ಟಿನಲ್ಲಿ ಜಂಪರ್‌ಗಳನ್ನು ಚೀಲಕ್ಕೆ ತುರುಕಿದಳು. ಜಗತ್ತಿನಲ್ಲಿ ಸಂಶಯ ಪಡದೆ ಇಟ್ಟುಕೊಂಡಿದ್ದ ಒಬ್ಬರೇ ಮನುಷ್ಯರೂ ಕೈತಪ್ಪಿದರು ಎಂಬ ದುಃಖ ಅದು ಎಂದು ನನಗೆ ಅನ್ನಿಸಿತು.

ಸೋಮವಾರ ಹನ್ನೊಂದಕ್ಕೆ, ಹೇಳದೆ ಕೇಳದೆ, ಲಕ್ಷ್ಮೀಬಾಯಿಯವರ ಮನೆಗೆ ಹೋದಳು. ಸದ್ದಿಲ್ಲದೆ ಹೋಗಿ ಹಿಡಿಯಬೇಕೆಂದು ಚಪ್ಪಲಿಯನ್ನು ಓಣಿಯಲ್ಲೇ ಬಿಟ್ಟು ಬರಿಗಾಲಿನಲ್ಲಿ ಹೋದಳಂತೆ. ಬಾಗಿಲು ತೆರೆದೇ ಇತ್ತು. ಪಡಸಾಲೆಯ ಕಿಟಕಿಯ ಹತ್ತಿರ ಲಕ್ಷ್ಮೀಬಾಯಿ ಒಬ್ಬರೇ ಕೂತಿದ್ದರು. ತೊಡೆಯ ಮೇಲೆ ಜಂಪರ್ ಇತ್ತು, ಕೈಯಲ್ಲಿ ಸೂಜಿ ಇತ್ತು. ಹೊಳೆಮ್ಮನೂ ಇರಲಿಲ್ಲ, ಬೇರೆ ಯಾರೂ ಇರಲಿಲ್ಲ. ಕುತ್ತಿಗೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಓರೆನೋಟದಲ್ಲಿ ಬಟ್ಟೆ ನೋಡುತ್ತ ಸೂಜಿ ಚುಚ್ಚುತ್ತಿದ್ದರು. ಬೆರಳಿನ ತುದಿಯಲ್ಲಿ ಎರಡು ಮೂರು ಕಡೆ ರಕ್ತ ಒಣಗಿತ್ತು.

ಇಷ್ಟು ಕಂಡ ಮೇಲೆ ಯಾರಾದರೂ ಏನಾಗಿದೆ ಎಂದು ಕೇಳುತ್ತಾರೆ. ನಮ್ಮ ಕೊಟ್ರಬಸಮ್ಮ ಕೇಳಿದ್ದು, "ಬಾಯಾರ, ಖರೇ ಹೇಳ್ರಿ, ಗಂಗಾಂಬಿಕಾರ ಹದಿನಾಲ್ಕು ಜಂಪರ್ ಯಾರ ಕಡಿಂದ ಮಾಡಿಸೀರಿ?"

ಲಕ್ಷ್ಮೀಬಾಯಿ ಬೆಚ್ಚಿಬಿದ್ದರು. ಆಮೇಲೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ಇಪ್ಪತ್ತಾರು ವರ್ಷ ಆದ ಮ್ಯಾಲೆ ನನ್ನ ಮ್ಯಾಲೂ ಸಂಶಯ ಬಂತೇನು ನಿನಗ? ಹೋಗು. ಚೀಲ ತಗೊಂಡ್ಹೋಗು. ಇನ್ನ ನಿನ್ನ ಕೆಲಸ ನನಗ ಬ್ಯಾಡ" ಎಂದರು.

ಚೀಲ ಎತ್ತಿಕೊಂಡು ಬಂದಳು. ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ನಾನು ಶಾಲೆಯಿಂದ ಬರುವಾಗ ಬಾಗಿಲಲ್ಲಿ ಕೂತು, ಆ ವಾರೆ ಹುಕ್ಕುಗಳನ್ನು ಬ್ಲೇಡಿನಿಂದ ಒಂದೊಂದಾಗಿ ಬಿಚ್ಚುತ್ತಿದ್ದಳು. ನನ್ನನ್ನು ಕೂಗಿ ಕರೆದಳು.

"ಟೀಚರ್, ಇಲ್ಲಿ ನೋಡ್ರಿ. ದಾರ ಮೂರು ಸುತ್ತು, ಆಮ್ಯಾಲೆ ಗಂಟು ಒಳಗ. ಮೈಗೆ ಒತ್ತಬಾರದಂತ ಗಂಟು ಒಳಗ ಹಾಕಾವ್ರು ಈ ಹೊಸಪೇಟ್ಯಾಗ ಬಾಯಾರು ಒಬ್ರ. ಈ ಕೈ ಅವರದ." ಜಂಪರ್ ಕೆಳಗಿಟ್ಟಳು. "ಕೈ ಅವರದ ಐತಿ, ಮತ್ತ ಸಾಲು ಯಾಕ ತಪ್ಪೈತಿ? ಅವರಿಗೆ ಕಾಣಸವಲ್ದು ಟೀಚರ್. ಕಣ್ಣು ಕಾಣಸವಲ್ದು."

ನನಗೆ ಗೊತ್ತಿತ್ತು. ಪೂರ್ತಿ ಅಲ್ಲ, ಆದರೆ ಗೊತ್ತಿತ್ತು. ಒಂದೂವರೆ ತಿಂಗಳ ಹಿಂದೆ ಸರ್ವಾಂಗಾಸನದಿಂದ ಇಳಿದ ಮೇಲೆ ಲಕ್ಷ್ಮೀಬಾಯಿ, "ಗುರೂಜಿ, ಇದನ್ನ ಮಾಡಿದ ಮ್ಯಾಲೆ ಎಡಗಣ್ಣು ಭಾಳ ಹೊತ್ತು ಮಂಜಾಗ್ತದ, ದೀಪದ ಸುತ್ತ ಬಣ್ಣ ಕಾಣ್ತಾವ" ಎಂದಿದ್ದರು. ಗುರೂಜಿ, "ಒಳಗಿನ ವಿಷ ಹೊರಗ ಹೋಗಾಕತ್ತೈತಿ, ಅದು ಒಳ್ಳೇದ. ನಿಲ್ಲಿಸಬ್ಯಾಡ್ರಿ, ಇನ್ನೂ ಐವತ್ತು ಎಣಿಕಿ ಹೆಚ್ಚು ಮಾಡ್ರಿ" ಎಂದಿದ್ದರು. ಪಕ್ಕದ ಚಾಪೆಯಲ್ಲಿದ್ದ ನಾನು, ಬಿಎಸ್ಸಿ ಬಿಎಡ್ ಓದಿದವಳು, ಹೌದೌದು ಎಂದು ತಲೆಯಾಡಿಸಿದ್ದೆ. ಇದನ್ನು ಆ ಸಂಜೆ ಕೊಟ್ರಬಸಮ್ಮನಿಗೆ ಹೇಳಿದೆ. ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮರುದಿನ ಬೆಳಿಗ್ಗೆ ಆರೂಕಾಲಿಗೆ ಭವನಕ್ಕೆ ಬಂದಳು. ನಾನು ಮೊದಲೇ ಹೋಗಿ ಲಕ್ಷ್ಮೀಬಾಯಿಯವರನ್ನು ತಡೆದು, ಇನ್ನು ಆ ಆಸನ ಬೇಡ ಎಂದು ಹೇಳಿದ್ದೆ. ಅವರು, "ಕೊಟ್ರವ್ವ ಕಳಿಸ್ಯಾಳೇನು?" ಎಂದು ಮುಖ ತಿರುಗಿಸಿ ಚಾಪೆ ಹಾಸಿಕೊಂಡಿದ್ದರು. ಆಕೆ ಬಂದಾಗ ಅವರ ಕಾಲು ಗೋಡೆಯ ಮೇಲಿತ್ತು, ಮುಖ ಕೆಂಪಾಗಿತ್ತು. ಗುರೂಜಿ ನೂರಾ ನಲವತ್ತೊಂದು, ನೂರಾ ನಲವತ್ತೆರಡು ಎಂದು ಎಣಿಸುತ್ತಿದ್ದರು.

"ಇಳೀರಿ ಬಾಯಾರ" ಎಂದಳು ಕೊಟ್ರಬಸಮ್ಮ.

"ಅಮ್ಮಾರ, ನಡುವ ಮಾತಾಡಬ್ಯಾಡ್ರಿ. ಎಣಿಕಿ ಮುಗಿಯಾಮಟ ಯಾರೂ ಇಳಿಯಂಗಿಲ್ಲ" ಎಂದರು ಗುರೂಜಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಶಿಸ್ತಿತ್ತು. ನಾವೆಲ್ಲ ಮೆಚ್ಚಿಕೊಂಡಿದ್ದ ಅದೇ ಶಿಸ್ತು. ನೂರಾ ನಲವತ್ತಾರು ಎಂದರು.

ಕೊಟ್ರಬಸಮ್ಮ ನೆಲದ ಮೇಲೆ ಕೂತು, ಒಂದು ಕೈಯನ್ನು ಲಕ್ಷ್ಮೀಬಾಯಿಯವರ ಬೆನ್ನಿನ ಕೆಳಗೆ ಕೊಟ್ಟು, ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಮೆಲ್ಲಗೆ ಕೆಳಗಿಳಿಸಿದಳು. ಅವರು ಕೈ ಕೊಡವಿಕೊಂಡು ಎದ್ದು ಕೂತರು.

"ನಾಚಿಕಿ ಆಗಂಗಿಲ್ಲೇನು ನಿನಗ, ಇಷ್ಟು ಮಂದಿ ಮುಂದ?"

"ಆಮ್ಯಾಲೆ ಬೈರಿ" ಎಂದು ಕೊಟ್ರಬಸಮ್ಮ ಅವರ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು. ಇನ್ನೊಂದು ಕೈಯನ್ನು ಎಡಗಡೆಗೆ, ಕಿವಿಯ ನೇರಕ್ಕೆ ಎತ್ತಿ ಹಿಡಿದಳು. "ನನ್ನ ಕೈ ಎಲ್ಲೈತಿ ಹೇಳ್ರಿ."

ಲಕ್ಷ್ಮೀಬಾಯಿ ಹೇಳಲಿಲ್ಲ. ಕೈಯನ್ನು ಇಷ್ಟಿಷ್ಟೇ ಮುಂದಕ್ಕೆ ತಂದಳು. ಕೆನ್ನೆಯ ಹತ್ತಿರ ಬಂತು, ಮೂಗಿನ ಹತ್ತಿರ ಬಂತು. ಮೂವತ್ತು ಹೆಂಗಸರು ಚಾಪೆಯ ಮೇಲೆ ಎದ್ದು ಕೂತಿದ್ದೆವು. ಮುಖದ ಎದುರಿಗೇ ಬಂದಾಗ ಲಕ್ಷ್ಮೀಬಾಯಿ, "ಈಗ ಏನೋ ಅಲ್ಲಾಡಿತು" ಎಂದರು.

ಗುರೂಜಿ ಎಣಿಸುವುದನ್ನು ನಿಲ್ಲಿಸಿದ್ದರು.

"ಬಾಯಾರಿಗೆ ಕಣ್ಣಿನ ಬ್ಯಾನಿ ಏನರ ಐತೇನ್ರಿ ಅಂತ ನೀವು ಸೇರಿಸ್ಕೊಳ್ಳಾಗ ಕೇಳಿದ್ರೇನು?" ಎಂದು ಅವರನ್ನು ಕೇಳಿದಳು.

"ಯೋಗಕ್ಕ ಬ್ಯಾನಿ ಅಡ್ಡ ಬರಂಗಿಲ್ಲಮ್ಮ."

"ಅದು ಬ್ಯಾರೆ ಮಾತು. ಕೇಳಿದ್ರೋ ಇಲ್ಲೋ?"

ಅವರು ನಮ್ಮ ಕಡೆ ನೋಡಿದರು. ಬಿದಿರುಕೋಲನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು. "ಕೇಳಬೇಕಂತ ಕೋರ್ಸಿನಾಗ ಹೇಳಿದ್ರು. ಒಂದು ಫಾರಂ ಸುದ್ದಾ ಕೊಟ್ಟಿದ್ರು. ಆದ್ರ ಅದನ್ನೆಲ್ಲ ಕೇಳಿದ್ರ ಹೆಣ್ಮಕ್ಕಳು ಹೆದರ್ತಾರ, ಬರೂದ ಬಿಡ್ತಾರ" ಎಂದರು.

"ನಾ ಒಂದು ಜಂಪರ್ ಹೊಲಿಯಾಕ ಹನ್ನೊಂದು ಅಳತಿ ತಗೋತೀನಿ. ಅದು ಅರಿವಿ, ತಪ್ಪಿದ್ರ ಬಿಚ್ಚಿ ಹೊಲಿತೀನಿ. ಇದು ಮೈ. ನೀವು ತಲೆಕೆಳಗ ನಿಂದ್ರಸ್ತೀರಿ, ಒಂದು ಮಾತು ಕೇಳಲಿಲ್ಲ" ಎಂದಳು.

ಆ ಮನುಷ್ಯ ಕಳ್ಳನಲ್ಲ, ಸುಳ್ಳನಲ್ಲ, ಕೆಟ್ಟವನಲ್ಲ. ಕೊಟ್ರಬಸಮ್ಮ ಸರ್ಟಿಫಿಕೇಟಿನ ಬೆನ್ನಲ್ಲೂ ಸಂಡೂರಿನ ಚಹಾದಂಗಡಿಯಲ್ಲೂ ಹುಡುಕಿದ ಯಾವ ದೋಷವೂ ಅವರಲ್ಲಿರಲಿಲ್ಲ. ಇದ್ದ ದೋಷ ದಿನಾ ಬೆಳಿಗ್ಗೆ ಆರಕ್ಕೆ ನಮ್ಮ ಕಣ್ಣೆದುರಿಗೇ ಇತ್ತು. ಅವರಿಗೆ ಎಣಿಸುವುದು ಗೊತ್ತಿತ್ತು, ಕೇಳುವುದು ಗೊತ್ತಿರಲಿಲ್ಲ. ನೋವು ಎಂದವರಿಗೆ ಇನ್ನೂ ಹತ್ತು ಎಣಿಸಿ ಎನ್ನುತ್ತಿದ್ದರು. ನಾವು ಅದಕ್ಕೆ ಕೈಮುಗಿಯುತ್ತಿದ್ದೆವು. ಆಮೇಲೆ ಭವನದ ಕಮಿಟಿಯವರು ಕ್ಲಾಸು ನಿಲ್ಲಿಸಿದರು. ಗುರೂಜಿ ಈಗ ಕಂಪ್ಲಿಯಲ್ಲಿ ಹೊಸ ಕ್ಲಾಸು ನಡೆಸುತ್ತಿದ್ದಾರೆ. ಗಂಗಾಂಬಿಕಾ ಅಲ್ಲಿಗೆ ಸೇರುವಾಗ ಗುರೂಜಿ ಮೊದಲು ಫಾರಂ ತುಂಬಿಸಿಕೊಂಡರಂತೆ. ತುಂಬಿಸಿಕೊಳ್ಳುತ್ತಾರೋ ಇಲ್ಲವೋ ಎಂದು ಕೊಟ್ರಬಸಮ್ಮ ಗಂಗಾಂಬಿಕಾರಿಗೆ ಮೂರು ಸಲ ಫೋನ್ ಮಾಡಿ ಕೇಳಿದ್ದಳು.

ಆ ಬೆಳಿಗ್ಗೆಯೇ ಕಣ್ಣಿನ ಆಸ್ಪತ್ರೆಗೆ ಹೋದೆವು. ಮಧ್ವೇಶನಿಗೆ ಆಫೀಸಿನಲ್ಲಿ ತಪಾಸಣೆಯಿತ್ತು. ಹಾಗಾಗಿ ನಾನು ಶಾಲೆಗೆ ರಜೆ ಹಾಕಿದೆ. ಹನಿ ಹಾಕಿದರು, ಯಂತ್ರಕ್ಕೆ ಗದ್ದ ಕೊಟ್ಟು ಕೂರಿಸಿದರು, ಕತ್ತಲ ಕೋಣೆಯಲ್ಲಿ ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಲಕ್ಷ್ಮೀಬಾಯಿ ಎಡಗಣ್ಣಿನ ಸರದಿಯಲ್ಲಿ ಬಹಳ ಹೊತ್ತು ಗುಂಡಿಯನ್ನೇ ಒತ್ತಲಿಲ್ಲ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಆಸ್ಪತ್ರೆಯ ಹಳೆಯ ಕಾಗದ ನೋಡುತ್ತ, "ಅಜ್ಜಿ, ನಿಮಗೆ ಗ್ಲಾಕೋಮಾ ಅಂತ ಮೂರು ವರ್ಷದ ಹಿಂದೆಯೇ ಬರೆದಿದೆಯಲ್ಲ. ಕಣ್ಣೊಳಗಿನ ಒತ್ತಡ ಕಡಿಮೆ ಮಾಡೋ ಹನಿ ದಿನಾ ರಾತ್ರಿ ಹಾಕ್ಕೋಬೇಕು ಅಂತ ಕೊಟ್ಟಿದ್ದಾರೆ. ಹಾಕ್ಕೊಳ್ತಿದ್ರಾ?" ಎಂದರು.

"ಮೈ ಹಗುರಾಗಿತ್ತು. ಯೋಗ ಶುರು ಮಾಡಿದ ಮ್ಯಾಲೆ ಬಿಟ್ಟೆ" ಎಂದರು ಲಕ್ಷ್ಮೀಬಾಯಿ.

ಡಾಕ್ಟರಿಗೆ ನಾನು ಸರ್ವಾಂಗಾಸನದ ವಿಷಯ ಹೇಳಿದೆ. ತಲೆಕೆಳಗೆ ನಿಂತಾಗ ಕಣ್ಣೊಳಗಿನ ಒತ್ತಡ ಏರುತ್ತದೆ, ಈ ಕಾಯಿಲೆ ಇದ್ದವರು ಅದನ್ನು ಮಾಡಲೇಬಾರದು ಎಂದರು. ಹನಿ ಬಿಟ್ಟಿದ್ದರಿಂದ ಎಷ್ಟು ಹೋಯಿತು, ಆಸನದಿಂದ ಎಷ್ಟು ಹೋಯಿತು ಎಂದು ಬಿಡಿಸಿ ಹೇಳಲಾಗದು ಎಂದರು. ಎಡಗಣ್ಣಿನಲ್ಲಿ ಹೋದ ದೃಷ್ಟಿ ಇನ್ನು ಬರುವುದಿಲ್ಲ, ಬಲಗಣ್ಣು ಉಳಿಸಿಕೊಳ್ಳೋಣ ಎಂದರು. ಕೊಟ್ರಬಸಮ್ಮ ಎಲ್ಲವನ್ನೂ ಎರಡೆರಡು ಸಲ ಕೇಳಿದಳು. ಖರೇನಾ ಬರಂಗಿಲ್ಲೇನ್ರಿ, ಆಪರೇಷನ್ ಮಾಡಿದ್ರೂ ಬರಂಗಿಲ್ಲೇನ್ರಿ, ಬಳ್ಳಾರಿಗೆ ಹೋದ್ರ, ಬೆಂಗಳೂರಿಗೆ ಹೋದ್ರ. ಡಾಕ್ಟರು ಬೇಸರಿಸಿಕೊಳ್ಳದೆ ಪ್ರತಿ ಸಲವೂ ಇಲ್ಲ ಎಂದರು.

ಆಟೋದಲ್ಲಿ ಮೂವರೂ ಹಿಂದೆ ಕೂತೆವು. ಲಕ್ಷ್ಮೀಬಾಯಿ ನಡುವೆ, ಅವರ ಎಡಕ್ಕೆ ಕೊಟ್ರಬಸಮ್ಮ, ಬಲಕ್ಕೆ ನಾನು. ರೈಲ್ವೆ ಗೇಟು ಹಾಕಿತ್ತು. ಅದಿರಿನ ಗೂಡ್ಸು ಒಂದೊಂದೇ ಡಬ್ಬಿಯಾಗಿ ಹೋಗುತ್ತಿತ್ತು.

"ಯಾವಾಗಿಂದ ಕಾಣಸವಲ್ದಾಗಿತ್ರಿ ಬಾಯಾರ?" ಎಂದು ಕೇಳಿದಳು ಕೊಟ್ರಬಸಮ್ಮ.

"ಎರಡು ತಿಂಗಳಾತು."

"ನನಗ ಯಾಕ ಹೇಳಲಿಲ್ಲ? ದಿನಾ ನಮ್ಮ ಮನಿ ಮುಂದ ಹಾಯ್ದು ಹೋಗ್ತಿದ್ರಿ. ಒಂದು ಮಾತು ಯಾಕ ಹೇಳಲಿಲ್ಲ?"

ಲಕ್ಷ್ಮೀಬಾಯಿ ಎದುರಿಗಿದ್ದ ಡ್ರೈವರನ ಬೆನ್ನನ್ನೇ ನೋಡುತ್ತ ಹೇಳಿದರು. "ಹೇಳಿದ್ರ ನೀ ಏನು ಮಾಡ್ತಿದ್ದಿ ಅಂತ ನನಗ ಗೊತ್ತಿತ್ತು. ನೀ ಬಂದು ಕ್ಲಾಸೇ ಮುಚ್ಚಿಸ್ತಿದ್ದಿ. ಮೊದಲ ದಿನದಿಂದ ಅದನ್ನ ಕಾಯ್ತಿದ್ದಿ. ಇಡೀ ದಿನದಾಗ ನನಗ ಅಂತ ಇದ್ದದ್ದು ಅದೊಂದು ತಾಸು, ಕೊಟ್ರವ್ವ. ಅದನ್ನ ಉಳಿಸ್ಕೋಬೇಕಂತ ಕಣ್ಣಿನ ಮಾತು ನಿನ್ನಿಂದ ಮುಚ್ಚಿಟ್ಟೆ. ಡಾಕ್ಟರಿಂದಲ್ಲ, ಮಧ್ವೇಶನಿಂದಲ್ಲ. ನಿನ್ನಿಂದ."

ಕೊಟ್ರಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಕೆ ಅಳುವುದನ್ನು ನಾನು ನೋಡಿರಲಿಲ್ಲ. ನೋಡಲು ಭಯವಾಯಿತು. ಗೂಡ್ಸು ಮುಗಿಯಿತು, ಗೇಟು ತೆರೆಯಿತು, ಆಟೋ ಹೊರಟಿತು.

ಬಹಳ ಹೊತ್ತಿನ ಮೇಲೆ, "ಇನ್ನ ಮ್ಯಾಲಾದ್ರೂ ನನಗ ಹೇಳ್ತೀರೇನ್ರಿ?" ಎಂದಳು.

"ನೀ ಕೇಳಬ್ಯಾಡ. ನಾನ ಹೇಳ್ತೀನಿ."

ಕೊಟ್ರಬಸಮ್ಮ ಹೂಂ ಎಂದಳು. ಕೇಳಬೇಕಾದದ್ದು ಆಕೆಯ ಬಾಯಿಯಲ್ಲಿ ಎಷ್ಟಿತ್ತೆಂದು ನನಗೆ ಗೊತ್ತು. ತುಟಿ ಎರಡು ಸಲ ಬಿಚ್ಚಿ ಮುಚ್ಚಿಕೊಂಡಿತು. ಕಾಲುವೆ ದಾಟಿದೆವು, ಚಿತ್ತವಾಡ್ಗಿಯ ಅಂಗಡಿಗಳು ಶುರುವಾದವು. ಒಂದು ಮಾತೂ ಕೇಳಲಿಲ್ಲ.

ಓಣಿಯ ತಿರುವಿನಲ್ಲಿ ಲಕ್ಷ್ಮೀಬಾಯಿ ಡ್ರೈವರಿಗೆ, "ಸ್ವಲ್ಪ ನಿಲ್ಲಸಪ್ಪ" ಎಂದರು. ಆಟೋ ನಿಂತಿತು.

"ಕೊಟ್ರವ್ವ, ನೀ ಆ ಕಡೆ ಕುಂತ್ರ ನನಗ ಕಾಣಂಗಿಲ್ಲ" ಎಂದರು. "ಈ ಕಡೆ ಬಾ. ಟೀಚರ್, ನೀವು ಅಲ್ಲಿಗೆ ಹೋಗ್ರಿ."

ನಾನು ಇಳಿದು, ಆಟೋದ ಹಿಂದಿನಿಂದ ಸುತ್ತಿ ಬಂದು, ಅವರಿಗೆ ಕಾಣದ ಕಡೆ ಕೂತೆ.